ಬೆರ್ಬಟೋವ್ ಅವರಿಗೆ, ಮಿಕು ನಮಗೆ

ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಕರೆತರುವ ಸಮಯ ಬಂದರೆ ಸಾಕು, ಊರಿಂದ ನನ್ನ ತಮ್ಮನ ಫೋನ್ ಬರುತ್ತದೆ. ಮಳೆ ಬೆಳೆ ಎಲ್ಲ ಆಮೇಲೆ. ಮೊದಲ ಮಾತೇ "ಅಣ್ಣಾ, ಬಿಎಫ್‌ಸಿಗೆ ಯಾರೋ ಹೊಸ ಸ್ಟ್ರೈಕರ್ ಬರ್ತಿದಾನಂತೆ. ಹೆಂಗೆ? ಮಿಕು ಥರ ಇದಾನಾ?" ಅಂತ. ನಾನು ಪ್ರತಿ ಸಲ "ನೋಡೋಣ ಇರೋ, ಇನ್ನೂ ವಿಮಾನ ಇಳಿದಿಲ್ಲ ಅವನು" ಅನ್ನುತ್ತೇನೆ. ಆದರೆ ಫೋನ್ ಇಟ್ಟ ಮೇಲೆ ನಾನು ಮಾಡೋದೂ ಅದನ್ನೇ. ಹೊಸಬನ ಹಳೆಯ ಗೋಲುಗಳ ವಿಡಿಯೋ ಹಾಕಿಕೊಂಡು, ಇವನು ಮಿಕು ಥರ ತಿರುಗ್ತಾನಾ, ಮಿಕು ಥರ ಚೆಂಡು ಹಿಡೀತಾನಾ ಅಂತ ನೋಡುತ್ತಾ ಕೂರುತ್ತೇನೆ.

ಮಿಕು ಬೆಂಗಳೂರು ಎಫ್‌ಸಿಗೆ, ಅಂದರೆ ನಮ್ಮ ಬಿಎಫ್‌ಸಿಗೆ, ಗೋಲು ಹೊಡೆಯೋ ಸ್ಟ್ರೈಕರ್ ಆಗಿ ಆಡಿದ್ದು ಎರಡೇ ಸೀಸನ್. ಅದರಲ್ಲೂ ಎರಡನೆಯದರಲ್ಲಿ ಗಾಯ ಮಾಡಿಕೊಂಡು ಎಷ್ಟೋ ವಾರ ಹೊರಗೇ ಕೂತಿದ್ದ. ಅವನು ಹೋಗಿದ್ದು 2019ರಲ್ಲಿ. ಆಮೇಲೆ ಎಷ್ಟೋ ಜನ ಬಂದರು, ಕೆಲವರು ಚೆನ್ನಾಗಿಯೇ ಆಡಿದರು. ಆದರೂ ನಮ್ಮ ಅಳತೆಗೋಲು ಬದಲಾಗಲಿಲ್ಲ. ಇದ್ಯಾಕೆ ಹೀಗೆ ಅನ್ನೋದು ತುಂಬಾ ದಿನದಿಂದ ತಲೆ ತಿನ್ನುತ್ತಿದೆ. ಅದರ ಜೊತೆಗೆ ಇನ್ನೊಂದು ಕಿರಿಕಿರಿಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಟೂನ್ ಹೆಸರು

2017ರಲ್ಲಿ ನಾನು ಬಿಟಿಎಂ ಲೇಔಟ್‌ನಲ್ಲಿ ರೂಮ್ ಮಾಡಿಕೊಂಡಿದ್ದೆ. ರೂಮ್‌ಮೇಟ್ ಕೋಟ್ಟಯಂ ಕಡೆಯವನು. ಕೇರಳ ಬ್ಲಾಸ್ಟರ್ಸ್ ಅಂದರೆ ಪ್ರಾಣ. ಗೋಡೆ ಮೇಲೆ ಹಳದಿ ಸ್ಕಾರ್ಫ್, ಮಂಚದ ಮೇಲೆ ಹಳದಿ ಬೆಡ್‌ಶೀಟ್. ನನ್ನ ಮೂಲೆಯಲ್ಲಿ ಬಟ್ಟೆ ಒಣಗಿಸೋ ಹಗ್ಗದ ಮೇಲೆ ಒಂದು ನೀಲಿ ಜೆರ್ಸಿ, ಅಷ್ಟೇ. ಅಲ್ಲಿಯವರೆಗೆ ನಾವಿಬ್ಬರೂ ಜಗಳ ಆಡೋಕೆ ಕಾರಣವೇ ಇರಲಿಲ್ಲ. ಎರಡೂ ಬೇರೆ ಬೇರೆ ಲೀಗ್: ನಮ್ಮದು ಐ-ಲೀಗ್, ಅವರದು ಐಎಸ್ಎಲ್. ನಾವು ನಾಲ್ಕು ವರ್ಷದಲ್ಲಿ ಎರಡು ಸಲ ಐ-ಲೀಗ್ ಗೆದ್ದಿದ್ದೆವು, 2016ರಲ್ಲಿ ದೋಹಾಗೆ ಹೋಗಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿದ್ದೆವು. ಅವರ ಹತ್ತಿರ ದೊಡ್ಡ ಸ್ಟೇಡಿಯಂ ಇತ್ತು, ದೊಡ್ಡ ಹೆಸರುಗಳಿದ್ದವು. ಆ ವರ್ಷ ನಾವೂ ಐಎಸ್ಎಲ್‌ಗೆ ಹೋದೆವು ನೋಡಿ, ಅಲ್ಲಿಂದ ಶುರು.

ಆಗಿನ ಐಎಸ್ಎಲ್ ಅಂದರೆ ನಿಮಗೆ ಗೊತ್ತೇ ಇದೆ. ಡೆಲ್ ಪಿಯೆರೋ ಡೆಲ್ಲಿಗೆ, ಟ್ರೆಝೆಗೆ ಪುಣೆಗೆ, ಪಿರೆಸ್ ಗೋವಾಗೆ, ಫೋರ್ಲಾನ್ ಮುಂಬೈಗೆ. ನಾವು ಹೈಸ್ಕೂಲಿನಲ್ಲಿದ್ದಾಗ ರಾತ್ರಿ ನಿದ್ದೆಗೆಟ್ಟು ಟಿವಿಯಲ್ಲಿ ನೋಡಿದವರೆಲ್ಲ ವಯಸ್ಸಾದ ಮೇಲೆ ಇಲ್ಲಿಗೆ ಬರುತ್ತಿದ್ದರು. ಕೆಲವರು ಆಡುತ್ತಿದ್ದರು, ಕೆಲವರು ಬಿಸಿಲು ಕಾಯುತ್ತಿದ್ದರು. ಆ ವರ್ಷ ಬ್ಲಾಸ್ಟರ್ಸ್‌ಗೆ ಬೆರ್ಬಟೋವ್ ಬಂದ. ಮ್ಯಾಂಚೆಸ್ಟರ್ ಯುನೈಟೆಡ್‌ನ ಬೆರ್ಬಟೋವ್! ಜೊತೆಗೆ ವೆಸ್ ಬ್ರೌನ್. ಕೋಲ್ಕತ್ತಾಗೆ ರಾಬಿ ಕೀನ್. ನನ್ನ ರೂಮ್‌ಮೇಟ್ ಎರಡು ದಿನ ನೆಲದ ಮೇಲೆ ನಡೆಯಲೇ ಇಲ್ಲ.

"ನಮ್ಗೆ ಬೆರ್ಬಟೋವ್," ಅಂದ, ಹಲ್ಲುಜ್ಜುತ್ತಾ. "ನಿಮ್ಗೆ ಯಾರು?"

"ಮಿಕು."

ಬ್ರಷ್ ಬಾಯಿಂದ ತೆಗೆದ. "ಅದು ಕಾರ್ಟೂನ್ ಹೆಸರಲ್ವಾ ಮಗಾ?"

ನನಗೂ ಹಾಗೇ ಅನ್ನಿಸಿತ್ತು ಅನ್ನೋದು ಬೇರೆ ಮಾತು. ಇಬ್ಬರೂ ಕೂತು ಗೂಗಲ್ ಮಾಡಿದೆವು. ಪೂರ್ತಿ ಹೆಸರು ನಿಕೋಲಾಸ್ ಫೆಡೋರ್. ಊರು ವೆನೆಜುವೆಲಾದ ಕರಾಕಸ್. ವಯಸ್ಸು 32. ಸ್ಪೇನ್‌ನಲ್ಲಿ ವಲೆನ್ಸಿಯಾ, ಗೆಟಾಫೆ, ರಾಯೋ ವಯೆಕಾನೋ. ಸ್ಕಾಟ್ಲೆಂಡಿನ ಸೆಲ್ಟಿಕ್‌ನಲ್ಲಿ ಒಂದು ವರ್ಷ, ಅದೂ ಲೋನ್ ಮೇಲೆ, ಗೋಲು ಬೆರಳೆಣಿಕೆಯಷ್ಟು. ರೂಮ್‌ಮೇಟ್ ಪಕ್ಕದಲ್ಲಿ ನಗುತ್ತಿದ್ದ. ನಾನು ಜೋರಾಗಿ "ಸ್ಪೇನ್ ಕಣೋ, ಲಾ ಲೀಗಾ!" ಅಂದೆ. ಒಳಗೆ ಧೈರ್ಯ ಇರಲಿಲ್ಲ.

ಆ ದಿನ ನಮ್ಮ ಕಣ್ಣಿಗೆ ಬೀಳದ ಎರಡು ಸಂಗತಿ ಆಮೇಲೆ ತಿಳಿದವು. 2012ರ ನವೆಂಬರ್‌ನಲ್ಲಿ ಸೆಲ್ಟಿಕ್ ತನ್ನ ಮನೆಯಂಗಳದಲ್ಲಿ ಮೆಸ್ಸಿಯ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿತಲ್ಲ, ಆ ರಾತ್ರಿ ಮೊದಲ ಹನ್ನೊಂದರಲ್ಲಿ ಇವನಿದ್ದ. 2011ರ ಕೋಪಾ ಅಮೆರಿಕಾದಲ್ಲಿ ವೆನೆಜುವೆಲಾ ಯಾರೂ ಎಣಿಸದಂತೆ ನಾಲ್ಕನೇ ಸ್ಥಾನಕ್ಕೆ ಬಂತು. ಆ ಟೂರ್ನಿಯಲ್ಲಿ ಪರಾಗ್ವೆ ವಿರುದ್ಧ ಕೊನೆ ಗಳಿಗೆಯಲ್ಲಿ ಎರಡು ಗೋಲು ಹೊಡೆದು 3-3 ಮಾಡಿಕೊಂಡರು, ಅದರಲ್ಲಿ ಒಂದು ಇವನದು. ಕೊನೆ ಗಳಿಗೆಯ ಗೋಲು ಇವನಿಗೆ ಹಳೆಯ ಚಾಳಿ. ನಾವು ಎಣಿಸಿದ್ದು ಗೋಲು ಮಾತ್ರ.

ಡಿಸೆಂಬರ್ 31

ಮೊದಮೊದಲು ನಂಬಿಕೆ ಬರಲಿಲ್ಲ. ಡೆಲ್ಲಿ ಮೇಲೆ 4-1 ಗೆದ್ದಾಗ ಒಂದು ಗೋಲು ಹೊಡೆದ. ಸರಿ, ಡೆಲ್ಲಿ ಡಿಫೆನ್ಸ್ ಹಾಗಿತ್ತು ಅಂದುಕೊಂಡೆ. ನವೆಂಬರ್ 30ರಂದು ಗೋವಾದಲ್ಲಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್‌ಗೆ ರೆಡ್ ಕಾರ್ಡ್ ಸಿಕ್ಕಿತು. ಹತ್ತೇ ಜನ, 1-3ರಿಂದ ಹಿಂದೆ. ಸೆಕೆಂಡ್ ಹಾಫ್‌ನಲ್ಲಿ ಮೂರೇ ನಿಮಿಷದ ಅಂತರದಲ್ಲಿ 3-3 ಮಾಡಿಬಿಟ್ಟರು. ಮೂರರಲ್ಲಿ ಎರಡು ಮಿಕುದು. ಆಮೇಲೆ ಗೋವಾದ ಸ್ಟ್ರೈಕರ್ ಕೋರೋ ಹ್ಯಾಟ್ರಿಕ್ ಮುಗಿಸಿ 4-3 ಸೋತೆವು. ಸೋತ ರಾತ್ರಿ ಊಟ ಸೇರಬಾರದು ಅಲ್ವಾ? ನಾನು ಎರಡು ಪ್ಲೇಟ್ ಎಗ್ ರೈಸ್ ತಿಂದೆ. ಹತ್ತು ಜನ ಇಟ್ಟುಕೊಂಡೂ ಮುಂದೆ ಹೋಗಿ ಆಡಬಹುದು ಅನ್ನೋದನ್ನ ಆವತ್ತು ನೋಡಿದ್ದೆ.

ನಿಜವಾದ ಹಬ್ಬ ಆ ವರ್ಷದ ಕೊನೆಯ ದಿನ. ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ವಿರುದ್ಧ ಬೆಂಗಳೂರು, ಐಎಸ್ಎಲ್‌ನಲ್ಲಿ ಮೊದಲ ಮುಖಾಮುಖಿ. ರೂಮ್‌ಮೇಟ್ ತನ್ನ ಊರಿನ ಆರು ಜನರನ್ನು ಕರೆದಿದ್ದ. ನಮ್ಮ ಹತ್ತಕ್ಕೆ ಹತ್ತರ ರೂಮಿನಲ್ಲಿ ಏಳು ಹಳದಿ, ಒಂದು ನೀಲಿ. ನನಗೆ ಕೂರೋಕೆ ಸಿಕ್ಕಿದ್ದು ಗ್ಯಾಸ್ ಸಿಲಿಂಡರ್ ಪಕ್ಕ. ಯಾರೋ ಚಿಪ್ಸ್ ಹುರಿದು ತಂದಿದ್ದರು, ನೇಂದ್ರ ಬಾಳೆಕಾಯಿದು, ನನ್ನವರೆಗೆ ತಟ್ಟೆ ಬರೋ ಹೊತ್ತಿಗೆ ತಳದಲ್ಲಿ ಉಪ್ಪು ಮಾತ್ರ. ನಮ್ಮ ಸುನಿಲ್ ಛೆಟ್ರಿ ಪೆನಾಲ್ಟಿ ಹೊಡೆದಾಗ ನಾನು ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಇನ್ನೂ ಅರ್ಧ ಗಂಟೆ ಇತ್ತು, ಏಳು ಜನ ಇದ್ದರು.

ಆಟ ಇಂಜುರಿ ಟೈಮ್‌ಗೆ, ತೊಂಬತ್ತು ನಿಮಿಷದ ಮೇಲಿನ ಹೆಚ್ಚುವರಿ ಹೊತ್ತಿಗೆ, ಬಂತು. ಬ್ಲಾಸ್ಟರ್ಸ್ ಸಮ ಮಾಡಿಕೊಳ್ಳೋಕೆ ಎಲ್ಲರನ್ನೂ ಮುಂದೆ ಕಳಿಸಿದ್ದರು. ಮಿಕು ಒಂದು ಹೊಡೆದ. ರೂಮಿನಲ್ಲಿ ಯಾರೋ ಫ್ಯಾನ್ ಆಫ್ ಮಾಡಿದ ಹಾಗೆ ನಿಶ್ಶಬ್ದ. ಇನ್ನೂ ರಿಪ್ಲೇ ಸರಿಯಾಗಿ ಮುಗಿದಿರಲಿಲ್ಲ, ಇನ್ನೊಂದು ಹೊಡೆದ. 0-3. ನಾನು ಎದ್ದು ನಿಂತೆ. ಕೂಗಲಿಲ್ಲ, ಸುಮ್ನೆ ನಿಂತೆ. ಏಳು ಜನ ನನ್ನ ಕಡೆ ತಿರುಗಿ ನೋಡಿದರು. ರೂಮ್‌ಮೇಟ್ ಮೆಲ್ಲಗೆ ಅಂದ, "ಕಾರ್ಟೂನ್ ಅಲ್ಲ." ಬ್ಲಾಸ್ಟರ್ಸ್ ಕೊನೆಗೆ ಒಂದು ಗೋಲು ಹೊಡೆದು 3-1 ಮಾಡಿಕೊಂಡರು, ಅದಕ್ಕೆ ಯಾರೂ ಚಪ್ಪಾಳೆ ಕೂಡ ತಟ್ಟಲಿಲ್ಲ. ಮಾರ್ಚ್‌ನಲ್ಲಿ ಅವರು ಕಂಠೀರವಕ್ಕೆ ಬಂದಾಗಲೂ ಅದೇ ಕಥೆ. ತೊಂಬತ್ತು ನಿಮಿಷ 0-0, ಆಮೇಲೆ ಮಿಕು, ಅದರ ಬೆನ್ನಿಗೇ ನಮ್ಮ ಉದಾಂತ. ಆವತ್ತು ರೂಮ್‌ಮೇಟ್ ರೂಮಿಗೆ ಬರಲೇ ಇಲ್ಲ, ಅಕ್ಕನ ಮನೆಗೆ ಹೋಗಿ ಮಲಗಿದ.

"ತಂಬಿ, ಬಾಲ್ ನೋಡ್ಬೇಡ"

ಕಂಠೀರವದಲ್ಲಿ ಆಟ ನೋಡಿದವರಿಗೆ ಗೊತ್ತು, ಅದು ಅಥ್ಲೆಟಿಕ್ಸ್‌ಗೆ ಕಟ್ಟಿದ ಜಾಗ. ನಮಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್. ಆಟಗಾರರು ದೂರದಲ್ಲಿ ಬೊಂಬೆ ಥರ ಕಾಣುತ್ತಾರೆ. (ಅಲ್ಲಿ ಹಿಂದೆ ಸಂಪಂಗಿ ಕೆರೆ ಇತ್ತು. ನವೆಂಬರಿನ ಜಡಿಮಳೆಯಲ್ಲಿ ಕೂತರೆ ಕೆರೆ ಇನ್ನೂ ಅಲ್ಲೇ ಇದೆ ಅನ್ನಿಸುತ್ತದೆ.) ವೆಸ್ಟ್ ಬ್ಲಾಕ್‌ನಲ್ಲಿ ತೊಂಬತ್ತು ನಿಮಿಷವೂ ನಿಂತು ಹಾಡೋರು ಬೇರೆ. ನಾನು ಅವರಿಂದ ಸ್ವಲ್ಪ ಈಚೆ, ಅಗ್ಗದ ಟಿಕೆಟ್ಟಿನಲ್ಲಿ ಕೂರುತ್ತಿದ್ದೆ. ಅಲ್ಲಿ ನನ್ನ ಪಕ್ಕ ಸುಮಾರು ಆಟಗಳಿಗೆ ಒಬ್ಬರೇ ಅಂಕಲ್ ಬರುತ್ತಿದ್ದರು. ಹಲಸೂರಿನ ಗೌತಮಪುರದವರು. ಪೆಲೆಗೆ ಪ್ರತಿಮೆ ಇಟ್ಟಿರೋ ಗೌತಮಪುರ, ಅದೇ. ಯೌವನದಲ್ಲಿ ಸರ್ಕಾರಿ ಕಾರ್ಖಾನೆಯೊಂದರ ತಂಡಕ್ಕೆ ಆಡಿದ್ದರಂತೆ, ಆಟದ ಮೇಲೇ ಕೆಲಸ ಸಿಕ್ಕಿತ್ತಂತೆ. ಪೇಪರ್ ಪೊಟ್ಟಣದಲ್ಲಿ ಕಡ್ಲೆಕಾಯಿ, ತಲೆಗೆ ಉಲ್ಲನ್ ಟೋಪಿ. ಕನ್ನಡವನ್ನೂ ತಮಿಳನ್ನೂ ಒಂದೇ ವಾಕ್ಯದಲ್ಲಿ ಮಾತಾಡೋರು.

ಒಂದು ದಿನ ನಾನು ಎಲ್ಲರ ಹಾಗೆ ಚೆಂಡು ಎಲ್ಲಿ ಹೋದರೆ ಅಲ್ಲಿಗೆ ತಲೆ ತಿರುಗಿಸುತ್ತಾ ಕೂತಿದ್ದೆ. ಅವರು ನನ್ನ ತೊಡೆ ತಟ್ಟಿದರು. "ತಂಬಿ, ಬಾಲ್ ನೋಡ್ಬೇಡ. ಬಾಲ್ ಎಲ್ಲೂ ಓಡೋಗಲ್ಲ. ಹತ್ತು ನಿಮಿಷ ಮಿಕುನ ಮಾತ್ರ ನೋಡು."

ನೋಡಿದೆ. ಮೊದಲ ಎರಡು ನಿಮಿಷ ಬೋರ್ ಹೊಡೆಯಿತು. ಅವನು ನಡೆಯುತ್ತಿದ್ದ. ಎದುರಾಳಿಯ ಇಬ್ಬರು ಸ್ಟಾಪರ್‌ಗಳ (ನಡುವಿನ ಡಿಫೆಂಡರ್‌ಗಳ) ನಡುವೆ ಸಂತೆಗೆ ಬಂದವನ ಥರ ಆಚೆ ಈಚೆ ನೋಡುತ್ತಾ ನಡೆಯುತ್ತಿದ್ದ. ಆಮೇಲೆ ಗೊತ್ತಾಯಿತು, ಅವನ ಕತ್ತು ಒಂದು ಗಳಿಗೆಯೂ ಸುಮ್ಮನಿಲ್ಲ. ಹೆಗಲ ಮೇಲಿಂದ ಹಿಂದೆ ಒಂದು ಸಲ, ಇನ್ನೊಂದು ಹೆಗಲಿಂದ ಇನ್ನೊಂದು ಸಲ. ಚೆಂಡು ನಮ್ಮ ಮಿಡ್‌ಫೀಲ್ಡರ್ ಡಿಮಾಸ್ ಕಾಲಿಗೆ ಬರೋ ಮುಂಚೆಯೇ ಅವನು ಹಿಂದಕ್ಕೆ ನಾಲ್ಕು ಹೆಜ್ಜೆ ಇಳಿದಿರುತ್ತಿದ್ದ. ಒಬ್ಬ ಸ್ಟಾಪರ್ ಅವನ ಬೆನ್ನು ಹತ್ತಿ ಬರಲೇಬೇಕು. ಬಂದನೋ, ಆ ಸ್ಟಾಪರ್ ಬಿಟ್ಟ ಜಾಗಕ್ಕೆ ಎಡಗಡೆಯಿಂದ ಛೆಟ್ರಿ ನುಗ್ಗಿದ ಅಂತಲೇ ಲೆಕ್ಕ. ಮಿಕುಗೆ ಚೆಂಡು ಸಿಕ್ಕರೂ ಇಟ್ಟುಕೊಳ್ಳುತ್ತಿರಲಿಲ್ಲ. ಒಂದೇ ಟಚ್, ಪಕ್ಕಕ್ಕೆ. ಆಮೇಲೆ ಮತ್ತೆ ನಡಿಗೆ. ಗೋಲು ಬಿದ್ದಾಗ ಬೋರ್ಡಿನ ಮೇಲೆ ಬರುವುದು ಛೆಟ್ರಿ ಹೆಸರು. ಅಂಕಲ್ ಮಾತ್ರ ಕಡ್ಲೆಕಾಯಿ ಸಿಪ್ಪೆ ಕೆಳಗೆ ಹಾಕಿ "ಮಿಕು, ಮಿಕು" ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳೋರು.

ಆ ಸೀಸನ್ ಮುಗಿದಾಗ ಮಿಕುದು 15 ಗೋಲು, ಛೆಟ್ರಿದು 14. ಇಡೀ ಲೀಗಿನಲ್ಲಿ ಇವರಿಬ್ಬರ ಮುಂದೆ ಇದ್ದದ್ದು ಗೋವಾದ ಕೋರೋ ಒಬ್ಬನೇ, 18. ಛೆಟ್ರಿಗೆ ಆಗ 33 ವರ್ಷ. ಸೆಂಟರ್ ಬಿಟ್ಟು ಎಡಗಡೆಗೆ ಹೋದರೆ ಮಂಕಾಗ್ತಾನೆ ಅಂದುಕೊಂಡಿದ್ದವರಲ್ಲಿ ನಾನೂ ಒಬ್ಬ.

ನನ್ನ ಕಣ್ಣು ಕೆಟ್ಟಿದ್ದು ಆ ಹತ್ತು ನಿಮಿಷದಲ್ಲಿ. ಅದಾದ ಮೇಲೆ ಯಾವ ಸ್ಟ್ರೈಕರ್ ಬಂದರೂ ನಾನು ಮೊದಲು ಅವನ ಕತ್ತು ನೋಡುತ್ತೇನೆ. ಬಹಳ ಜನರ ಕತ್ತು ಅಲ್ಲಾಡೋದೇ ಇಲ್ಲ.

ಕೊಸರು

ಖುಷಿ ಅಷ್ಟೊಂದು ಆಗಿದ್ದು ಅವನ ಆಟಕ್ಕಾ, ನಾವು ಏನೂ ಎಣಿಸಿರಲಿಲ್ಲ ಅನ್ನೋದಕ್ಕಾ? ಎರಡೂ ಇರಬೇಕು. ಆದರೆ ಎರಡನೆಯದಕ್ಕೆ ಜಾಸ್ತಿ ಅಂಕ ಕೊಡುತ್ತೇನೆ. ಬೆರ್ಬಟೋವ್ ಬಂದಾಗ ಅವನ ಮೇಲೆ ಜನರ ಸಾಲ ಇತ್ತು. ಟಿಕೆಟ್ಟಿಗೆ ಕೊಟ್ಟ ದುಡ್ಡು, ಹಳೆಯ ನೆನಪು, ಗೋಡೆಯ ಪೋಸ್ಟರ್, ಎಲ್ಲ ಸೇರಿ ಅವನು ನಮಗೆ ಇಷ್ಟು ಕೊಡಬೇಕು ಅಂತ ಲೆಕ್ಕ ಬರೆದಾಗಿತ್ತು. ಪಾಪ, ಎಷ್ಟು ಆಡಿದರೂ ಬಡ್ಡಿ ತೀರದ ಸಾಲ ಅದು. ಮಿಕು ಮೇಲೆ ನಮ್ಮದು ಏನೂ ಬಾಕಿ ಇರಲಿಲ್ಲ. ಸೊಪ್ಪಿನವಳು ಎರಡು ಕಟ್ಟು ಕೊಟ್ಟು, ನೀವು ಕೇಳದೇನೇ ಮೇಲೊಂದು ಹಿಡಿ ಕೊತ್ತಂಬರಿ ಹಾಕುತ್ತಾಳಲ್ಲ, ಆ ಕೊಸರು ಅವನು. ದುಡ್ಡು ಕೊಟ್ಟು ತಂದ ಸೊಪ್ಪಿಗಿಂತ ಆ ಹಿಡಿ ಕೊತ್ತಂಬರಿಯನ್ನು ಮನೆಗೆ ಬಂದು ಎರಡು ಸಲ ಮೂಸಿ ನೋಡುತ್ತೇವೆ.

ಆದರೆ ಕೊಸರಿಗೆ ಒಂದು ಆಯಸ್ಸು ಇದೆ. ಮೂರನೇ ವಾರವೂ ಕೊಟ್ಟರೆ ನಾಲ್ಕನೇ ವಾರ ನಾವೇ ಚೀಲ ಹಿಗ್ಗಿಸಿ ಹಿಡಿಯುತ್ತೇವೆ. ಜನವರಿ ಹೊತ್ತಿಗೆ ಕಂಠೀರವದಲ್ಲಿ ಮಿಕು ಒಂದು ಅವಕಾಶ ತಪ್ಪಿಸಿದರೆ ನನ್ನ ಹಿಂದಿನ ಸಾಲಿನಲ್ಲಿ ಬೈಗುಳ ಶುರುವಾಗಿತ್ತು. ನಾನೂ ಬೈದಿದ್ದೇನೆ, ಸುಳ್ಳು ಯಾಕೆ. ನಾಲ್ಕು ತಿಂಗಳ ಹಿಂದೆ ಕಾರ್ಟೂನ್ ಅಂದುಕೊಂಡಿದ್ದವನು ಈಗ ನಮಗೆ ಗೋಲು ಬಾಕಿ ಇಟ್ಟುಕೊಂಡಿದ್ದ.

2018ರ ಮಾರ್ಚ್ 17, ಫೈನಲ್ ನಮ್ಮ ಅಂಗಳದಲ್ಲೇ. ಲೀಗಿನಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಜಾಸ್ತಿ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಕಪ್ ಎಲ್ಲಿ ಇಡೋದು ಅಂತ ಯೋಚನೆ ಮಾಡೋ ಹೊತ್ತಿಗೆ ಚೆನ್ನೈನ ಮೈಲ್ಸನ್ ಆಲ್ವೆಸ್ ಎರಡು ಸಲ ಚೆಂಡಿಗೆ ತಲೆ ಕೊಟ್ಟ. ಎರಡೂ ಗೋಲು. ಸೆಕೆಂಡ್ ಹಾಫ್‌ನಲ್ಲಿ ರಫೆಲ್ ಆಗುಸ್ಟೋ ಮೂರನೆಯದು. 1-3. ಜನ ಎದ್ದು ಮೆಟ್ರೋ ಕಡೆ ಹೊರಟರು. ನಾನೂ ಬ್ಯಾಗ್ ಹೆಗಲಿಗೆ ಹಾಕಿದ್ದೆ. ಅಂಕಲ್ ಮಾತ್ರ ಕೂತೇ ಇದ್ದರು. ಇಂಜುರಿ ಟೈಮ್‌ನಲ್ಲಿ ಮಿಕು ಹೊಡೆದ. ಮೆಟ್ಟಿಲ ಮೇಲಿದ್ದ ಜನ ಅಲ್ಲೇ ನಿಂತರು, ಕೆಲವರು ವಾಪಸ್ ಓಡಿದರು, ಇಳಿಯೋರು ಹತ್ತೋರು ಒಬ್ಬರಿಗೊಬ್ಬರು ಡಿಕ್ಕಿ. ಕೊಚ್ಚಿಯಲ್ಲಿ ಎರಡು ಹೊಡೆದಿರಲಿಲ್ವಾ? ಇನ್ನೊಂದು ಬೇಕಿತ್ತು, ಒಂದೇ ಒಂದು. ಬರಲಿಲ್ಲ. 2-3. ಅವನು ಲೀಗಿನಲ್ಲಿ ಆಡೋಕೆ ಶುರು ಮಾಡಿ ನಾಲ್ಕು ತಿಂಗಳಾಗಿತ್ತು, ಇಡೀ ಸ್ಟೇಡಿಯಂ ಅವನಿಂದ ಕೇಳುತ್ತಿದ್ದದ್ದು ಪವಾಡ.

ಅದಾಗಿ ಒಂದು ತಿಂಗಳಿಗೆ ಭುವನೇಶ್ವರದಲ್ಲಿ ಸೂಪರ್ ಕಪ್ ಸೆಮಿಫೈನಲ್. ಮೋಹನ್ ಬಾಗಾನ್ ಮುಂದೆ 0-1, ಮತ್ತೆ ಹತ್ತೇ ಜನ. ಮಿಕು ಹ್ಯಾಟ್ರಿಕ್ ಹೊಡೆದ, 4-2 ಗೆದ್ದೆವು, ಆಮೇಲೆ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1. ಮುಂದಿನ ವರ್ಷ ಐಎಸ್ಎಲ್ ಕಪ್ಪೂ ಬಂತು. ಗೆದ್ದದ್ದು ನಮ್ಮ ಡಿಫೆಂಡರ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ, ಎಕ್ಸ್‌ಟ್ರಾ ಟೈಮ್‌ನಲ್ಲಿ. ಆ ಖುಷಿಯ ಬಗ್ಗೆ ಬರೆಯೋಕೆ ಕೂತರೆ ನನಗೆ ಅರ್ಧ ಪುಟವೂ ಬರುವುದಿಲ್ಲ.

ಒಂಬತ್ತನೇ ನಂಬರ್

ಈಗ ಆ ಇನ್ನೊಂದು ಕಿರಿಕಿರಿ. ಮಿಕು ಆಡಿದ ಜಾಗದಲ್ಲಿ, ಅಂದರೆ ಸ್ಟ್ರೈಕರ್‌ನ ಒಂಬತ್ತನೇ ನಂಬರ್ ಜಾಗದಲ್ಲಿ, ನಮ್ಮ ಹುಡುಗ ಯಾರೂ ಆಡಲಿಲ್ಲ. ಆಗ ಐಎಸ್ಎಲ್‌ನಲ್ಲಿ ಒಂದು ತಂಡ ಮೈದಾನದಲ್ಲಿ ಐದು ವಿದೇಶಿಯರನ್ನು ಇಳಿಸಬಹುದಿತ್ತು. ಐದರಲ್ಲಿ ಒಬ್ಬ ಸ್ಟ್ರೈಕರ್ ಅನ್ನೋದು ಹೆಚ್ಚುಕಡಿಮೆ ಎಲ್ಲ ತಂಡದ ಲೆಕ್ಕ. ನಮ್ಮ ಹುಡುಗರಿಗೆ ಸಿಗುತ್ತಿದ್ದದ್ದು ಅಂಚಿನ ವಿಂಗು, ಹಿಂದಿನ ಬ್ಯಾಕು, ಇಲ್ಲಾ ಬೆಂಚು. 2021ರಿಂದ ಅದು ನಾಲ್ಕಾಯಿತು, ಹೋದದ್ದು ಸ್ಟ್ರೈಕರ್ ಜಾಗವಲ್ಲ. ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದ. ಒಂದು ವರ್ಷ ತುಂಬಲಿಲ್ಲ, 2025ರ ಮಾರ್ಚ್‌ನಲ್ಲಿ ಮತ್ತೆ ಕರೆದರು. ನಲವತ್ತು ವರ್ಷದ ಮನುಷ್ಯ ಬಂದು ಮಾಲ್ಡೀವ್ಸ್ ಮೇಲೆ ಗೋಲು ಹೊಡೆದ. ನಾನು ಟಿವಿ ಮುಂದೆ ಚಪ್ಪಾಳೆ ತಟ್ಟಿದೆ, ತಟ್ಟುತ್ತಿದ್ದ ಹಾಗೇ ನಾಚಿಕೆಯೂ ಆಯಿತು.

ಇದು ಮಿಕು ತಪ್ಪಲ್ಲ. ಅವನು ಕೆಲಸಕ್ಕೆ ಬಂದ, ಕೆಲಸ ಮಾಡಿದ, ಹೋದ. ಕ್ಲಬ್ಬಿಗೂ ಗೆಲ್ಲಬೇಕು. ನನಗೆ ಚುಚ್ಚೋದು ನನ್ನದೇ ವಿಷಯ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಆವತ್ತು ತಮ್ಮ ಫೋನ್ ಮಾಡಿ "ಅಣ್ಣಾ, ಗೋಲು ಹೊಡೆದಿದ್ದು ಯಾರು?" ಅಂದ. ಮಿಕುನ ಹದಿನೈದು ಗೋಲು ಯಾವ ತಂಡದ ಮೇಲೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವವನು ನಾನು. ರಿಯಾದ್‌ನಲ್ಲಿ ಗೋಲು ಹೊಡೆದ ಒಬ್ಬನ ಹೆಸರೂ ಬಾಯಿಗೆ ಬರಲಿಲ್ಲ. "ತಡಿ, ನೋಡಿ ಹೇಳ್ತೀನಿ" ಅಂದೆ.

(ಈ ನಡುವೆ ಬಿಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವನೇ ಆದ. ತಮ್ಮನಿಗೆ ಇದು ಬಿಡಿಸಲಾಗದ ಗಂಟು. "ಹಂಗಾದ್ರೆ ಅವನು ಈಗ ಫಾರಿನ್ ಲೆಕ್ಕಕ್ಕೆ ಬರ್ತಾನಾ, ನಮ್ಮ ಲೆಕ್ಕಕ್ಕಾ?" ನಮ್ಮ ಲೆಕ್ಕ ಕಣೋ, ಅಂದೆ. "ಮಿಕುಗೂ ಹಂಗೇ ಮಾಡಿಸಿದ್ರೆ ಆಗ್ತಿತ್ತು" ಅಂದ.)

ರೂಮ್‌ಮೇಟ್ ಈಗ ದೋಹಾದಲ್ಲಿದ್ದಾನೆ. ಮದುವೆಯಾಗಿ ಐದು ವರ್ಷದ ಮಗ ಇದ್ದಾನೆ. ಪ್ರತಿ ಡಿಸೆಂಬರ್ 31ರ ಸಂಜೆ ನಾನು ಅವನಿಗೆ ಒಂದೇ ಮೆಸೇಜ್ ಕಳಿಸುತ್ತೇನೆ, "ಕಾರ್ಟೂನ್ ಅಲ್ಲ." ಅವನು ಪ್ರತಿ ವರ್ಷ ಮಲಯಾಳದಲ್ಲಿ ಬೈಯುತ್ತಾನೆ, ಇಲ್ಲಿ ಬರೆಯೋ ಹಾಗಿಲ್ಲ. 2023ರ ಪ್ಲೇಆಫ್‌ನಲ್ಲಿ ಛೆಟ್ರಿ ಫಟಾಫಟ್ ಫ್ರೀಕಿಕ್ ಹೊಡೆದು, ಬ್ಲಾಸ್ಟರ್ಸ್ ಸಿಟ್ಟಿಗೆದ್ದು ಮೈದಾನ ಬಿಟ್ಟು ಹೋದರಲ್ಲ, ಆ ವರ್ಷ ಮಾತ್ರ ನಾನೇ ಹೆದರಿ ಕಳಿಸಿರಲಿಲ್ಲ. ಈ ಸಲ ಕಳಿಸಿದೆ. ಬೈಗುಳ ಬರಲಿಲ್ಲ, ಒಂದು ಫೋಟೋ ಬಂತು. ಫ್ಲ್ಯಾಟಿನ ಉದ್ದನೆ ಕಾರಿಡಾರ್, ಮಂಡಿಯವರೆಗೆ ಬರೋ ಹಳದಿ ಜೆರ್ಸಿ ಹಾಕಿಕೊಂಡ ಮಗ, ಕಾಲ ಕೆಳಗೆ ಪ್ಲಾಸ್ಟಿಕ್ ಚೆಂಡು, ಬೆನ್ನ ಮೇಲೆ ಮಾರ್ಕರ್‌ನಲ್ಲಿ ಬರೆದ 9. ಕೆಳಗೆ ಅವನ ಇಂಗ್ಲಿಷ್ ಅಕ್ಷರದ ಕನ್ನಡ: "ಇವನು ಸ್ಟ್ರೈಕರ್. ನಿಮ್ಗೆ ಕೊಡಲ್ಲ."